ಸಡಿಲಿಸಿದ ನಟ್ಟು

ಮನೆಯಿಂದ,
ಬುಧವಾರ, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಿನ್ನ ಬೆನ್ನುನೋವು ಹೇಗಿದೆ? ಪರರ ಲಾರಿಯ ಸೀಟು ಪರರ ಬೆನ್ನಿಗೆ ತಕ್ಕಂತೆ ತಗ್ಗಿರುತ್ತದೆ, ಕಂಬಳಿಯೊಂದನ್ನು ಮಡಿಸಿ ಹಾಕಿಕೋ. ನಿನ್ನ ಮಾಲೀಕ ಹೊತ್ತಿಗೆ ಸರಿಯಾಗಿ ಮಲಗಲು ಬಿಡುತ್ತಾನೋ ಇಲ್ಲವೋ? ಚಾಲಕನ ನಿದ್ದೆ ಮಾಲೀಕನ ದೊಡ್ಡತನವಲ್ಲ, ಅದು ಹಕ್ಕು ಎಂದು ನಾನು ಕಳಿಸಿದ ಕಿರುಪುಸ್ತಿಕೆಯಲ್ಲೇ ಇದೆ. ನೀನು ಅದರಲ್ಲಿ ಗಾಜು ಒರೆಸಿರುತ್ತೀ ಎಂಬುದೂ ನನಗೆ ಗೊತ್ತು. ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ. ನಮ್ಮ ಲಾರಿ, ನಿನ್ನ 'ಮುದುಕಿ'ಯೂ ಅಂಗಳದಲ್ಲಿ ಇದ್ದ ಹಾಗೇ ನಿಂತಿದ್ದಾಳೆ. ಅಮ್ಮ ಅವಳ ಕನ್ನಡಿಯ ಕಂಬಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕತೊಡಗಿದ್ದಾಳೆ. 

ಇಂಜಿನ್ ಕೆಲಸಕ್ಕೆ ನಂಬುವಂಥ ಒಬ್ಬ ಮೆಕ್ಯಾನಿಕ್‌ನನ್ನು ಹುಡುಕು, ಮುದುಕಿ ಎದ್ದ ದಿನವೇ ಈ ಕೂಲಿ ಬಿಟ್ಟು ಬರುತ್ತೇನೆ ಎಂದು ನೀನು ಹೊರಡುವಾಗ ಹೇಳಿದ್ದೆ. ನೀಲಿ ಹೊಗೆ, ಏರಿನಲ್ಲಿ ಏದುಸಿರು, ಹಾಕಿದಷ್ಟೂ ಆಯಿಲ್ ಕುಡಿಯುವುದು. ರೋಗ ನಮಗೆ ಗೊತ್ತಿತ್ತು. ಯಾರ ಕೈಗೆ ಒಪ್ಪಿಸುವುದೆಂದು ಗೊತ್ತಿರಲಿಲ್ಲ. ಕೇಳಿದವರೆಲ್ಲ ಒಬ್ಬೊಬ್ಬನನ್ನು ಹೊಗಳಿ, ಕೊನೆಗೆ ದನಿ ತಗ್ಗಿಸಿ, ಆದರೂ ಒಂದು ಕಣ್ಣಿಟ್ಟಿರು ಎನ್ನುತ್ತಿದ್ದರು. ಕಣ್ಣಿಡುವುದಾದರೆ ನಂಬಿಕೆ ಯಾಕೆ? ಪುರಾವೆಯಿಲ್ಲದ ನಂಬಿಕೆ ಗುಲಾಮಗಿರಿಯ ಮೊದಲ ಮೆಟ್ಟಿಲು ಎಂದು ಓದಿದವಳು ನಾನು. ಅದಕ್ಕೇ ಒಂದು ಪರೀಕ್ಷೆ ಹೂಡಿದೆ. ಹಿಂದೊಮ್ಮೆ ನೀನೇ ತೋರಿಸಿದ್ದ ಡೀಸೆಲ್ ಪೈಪಿನ ನಟ್ಟೊಂದನ್ನು ತುಸು ಸಡಿಲಿಸಿದೆ. ಆಗ ಇಂಜಿನ್ ಶುರುವಾಗುತ್ತದೆ, ಆದರೆ ಕುಂಟುತ್ತದೆ. ಯಾರು ಆ ನಟ್ಟನ್ನು ಕಂಡುಹಿಡಿದು ಇದ್ದದ್ದನ್ನು ಇದ್ದಂತೆ ಹೇಳುತ್ತಾರೋ ಅವರಿಗೇ ಮುದುಕಿಯನ್ನು ಒಪ್ಪಿಸುವುದು ಎಂದು ತೀರ್ಮಾನಿಸಿ, ಒಬ್ಬೊಬ್ಬರನ್ನೇ ಅಂಗಳಕ್ಕೆ ಕರೆಸಿದೆ.

ಪೆಟ್ರೋಲ್ ಬಂಕಿನ ಪಕ್ಕದ ದೊಡ್ಡ ಗ್ಯಾರೇಜಿನವನು ಬಾನೆಟ್ಟನ್ನೂ ಎತ್ತಲಿಲ್ಲ. ಅವನು ನನ್ನನ್ನು ಮೇಡಂ ಎಂದಷ್ಟು ಸಲವೂ ಲಾರಿಯ ಇನ್ನೊಂದು ಭಾಗ ಕೆಟ್ಟುಹೋಯಿತು. ಎರಡನೆಯವನು ಗಡ್ಡದವನು. ನಿಮ್ಮಣ್ಣ ಅಂದರೆ ನನ್ನ ಒಡಹುಟ್ಟಿದವನ ಹಾಗೆ ಎನ್ನುತ್ತಲೇ ನಟ್ಟನ್ನು ಬೆರಳಲ್ಲಿ ಮುಟ್ಟಿ, ಮೂಸಿ, ಸದ್ದಿಲ್ಲದೆ ಬಿಗಿಮಾಡಿದ. ಆಮೇಲೆ ತಿರುಗಿ, ಪಂಪನ್ನೇ ಬದಲಿಸಬೇಕು ಎಂದ. ನಾನು ಬಿಟ್ಟೇನೆಯೇ? ಆ ನಟ್ಟು ಸಡಿಲಿಸಿದ್ದೇ ನಾನು ಎಂದು ಬೀದಿಯವರೆಗೂ ಬೈದುಕೊಂಡು ಹೋಗಿ ಬಿಟ್ಟುಬಂದೆ. ಒಳಗಿನಿಂದ ಅಮ್ಮ ಕೇಳಿದಳು, "ನೀನು ಮೆಕ್ಯಾನಿಕ್ ಹುಡುಕ್ತಿದೀಯೋ, ಕಳ್ಳನ್ನ ಹುಡುಕ್ತಿದೀಯೋ?"

ನಟ್ಟನ್ನು ಮತ್ತೆ ಸಡಿಲಿಸಿ ಕಾದೆ. ಮೂರನೆಯವರು ಮರದ ಮಿಲ್ಲಿನ ಹಿಂದೆ ಶೆಡ್ಡು ಹಾಕಿರುವ ಮೇಸ್ತ್ರಿ. ಇಂಜಿನ್ ಶುರುಮಾಡಿ, ಕೇಳಿ, ನಿಲ್ಲಿಸಿದರು. ಉಳಿದ ನಟ್ಟುಗಳಿಗೆಲ್ಲ ಮಣ್ಣು ಮೆತ್ತಿತ್ತು, ಅದೊಂದು ಮಾತ್ರ ಹೊಳೆಯುತ್ತಿತ್ತು. ಅದನ್ನು ಬಿಗಿಮಾಡಿ, ಇದೇನೂ ಅಲ್ಲ, ಲೆಕ್ಕಕ್ಕೆ ಹಿಡಿಯಬೇಡಿ ಎಂದರು. ಮತ್ತೆ ಶುರುಮಾಡಿ ಹೊಗೆ ನೋಡಿದರು. ಪಿಸ್ಟನ್ನಿನ ರಿಂಗುಗಳು ಸವೆದಿವೆ, ಸಿಲಿಂಡರಿನ ಬೋರ್ ಹೇಗಿದೆ ಎಂದು ಬಿಚ್ಚಿದ ಮೇಲೇ ಹೇಳಬಲ್ಲೆ, ಇನ್ನೂ ಬಹಳ ವರ್ಷ ದುಡಿಯುವ ಗಾಡಿ ಇದು ಎಂದರು. ಅಣ್ಣಾ, ನನಗೆ ಕುಣಿಯುವಷ್ಟು ಖುಷಿಯಾಯಿತು. ಆ ಖುಷಿಯಲ್ಲಿ, ನಟ್ಟು ಸಡಿಲಿಸಿದ್ದು ನಾನೇ, ಮೂವರಲ್ಲಿ ನೀವೊಬ್ಬರೇ ಪಾಸಾದಿರಿ ಎಂದುಬಿಟ್ಟೆ.

ಅವರು ಸ್ಪ್ಯಾನರನ್ನು ಒರೆಸಿ ಚೀಲಕ್ಕೆ ಹಾಕಿದರು. "ನೋಡಮ್ಮ, ಯಾವುದೋ ಮಗು ಆಡ್ತಾ ತಿರುವಿರಬೇಕು ಅಂದ್ಕೊಂಡಿದ್ದೆ. ಇಂಜಿನ್ ಬಿಚ್ಚಿದ್ರೆ ಇಂಥವು ರಾಶಿ ಬೀಳ್ತವೆ. ಒಂದೊಂದು ನಟ್ಟಿನ ಮುಂದೂ, ಇದು ಸವೆದು ಸಡಿಲಾಗಿದ್ದೋ, ನೀವು ಮಾಡಿಟ್ಟಿದ್ದೋ ಅಂತ ನಾನು ಯೋಚಿಸ್ತಾ ಕೂರಬೇಕಾ? ಈ ಗಾಡಿ ನನ್ನ ಕೈಲಾಗಲ್ಲ."

ಪರೀಕ್ಷಿಸುವುದು ಜನರ ಹಕ್ಕು ಎಂದು ನಾನು ವಾದಿಸಿದೆ. ಅವರು ಚೀಲವನ್ನು ಹೆಗಲಿಗೇರಿಸಿದರು. ಅಮ್ಮನಿಗೆ ಬರ್ತೀನಕ್ಕ ಎಂದು ಹೇಳಿ ಹೋದರು. ಆ ಗಡ್ಡದವನು ಸುಮ್ಮನಿರುವ ಪೈಕಿಯೇ? ಆ ಮನೆಯ ಹುಡುಗಿ ತಾನೇ ಗಾಡಿ ಕೆಡಿಸಿ ಮೆಕ್ಯಾನಿಕ್‌ಗಳ ಮಾನ ಕಳೆಯುತ್ತಾಳೆ ಎಂದು ಊರೆಲ್ಲ ಸಾರಿದ್ದಾನೆ. ಈಗ ಕರೆದರೂ ಯಾರೂ ಬರುತ್ತಿಲ್ಲ. ನಾನು ಪುರಾವೆ ಕೇಳಿದ್ದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಆದರೆ ಮೋಸಗಾರ ಬೈಸಿಕೊಂಡೂ ಆರಾಮಾಗಿದ್ದಾನೆ, ನೋವಾದದ್ದು ಆ ಮೇಸ್ತ್ರಿಗೆ. ಇದಕ್ಕೆ ಉತ್ತರ ನನ್ನ ಯಾವ ಪುಸ್ತಿಕೆಯಲ್ಲೂ ಸಿಗಲಿಲ್ಲ, ಹುಡುಕಿದೆ.

ಊಟ ಬಿಡಬೇಡ. ಮಲಗುವ ಮುಂಚೆ ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ಅಮ್ಮ ನಿನ್ನ ತಲೆ ನೇವರಿಸಿದ್ದಾಳೆ ಎಂದುಕೋ.

ನೀನು 'ಕರಪತ್ರ' ಎಂದು ಕರೆಯುವ
ನಿನ್ನ ತಂಗಿ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಗುಜರಿಯವನು ಬಂದು ಮುದುಕಿಯನ್ನು ನೋಡಿಹೋದ. ಅಮ್ಮ ಒಪ್ಪಿಬಿಟ್ಟಿದ್ದಾಳೆ, ಭಾನುವಾರ ಎಳೆದೊಯ್ಯುತ್ತಾನೆ. ಬೆಳಿಗ್ಗೆ ಮೇಸ್ತ್ರಿಯ ಶೆಡ್ಡಿಗೆ ಓಡಿದೆ. ನನ್ನ ಮಾತು ಅವರಿಗೆ ಸಾಲದು. ಓಡಿಸುವವನೇ ಬಂದು ಇಂಜಿನ್ನನ್ನೆಲ್ಲ ನೋಡಿ ಒಪ್ಪಿಸಿದರೆ ಬಿಚ್ಚುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದರು. ಇದನ್ನು ಅಮ್ಮನಿಗೆ ಹೇಳಿದರೆ, ಲಾರಿ ಇದ್ದರೂ ನಿನ್ನಣ್ಣ ಬರಲ್ಲ ಬಿಡು ಎಂದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಕೇಳಿಯೇ ಇಲ್ಲ. ನಿಮ್ಮ ಕಡೆಗೆ ಹೊರಟ ಲಾರಿಯವನ ಕೈಲಿ ಇದನ್ನು ಕಳಿಸುತ್ತಿದ್ದೇನೆ, ಹೊರಗೆ ಹಾರ್ನ್ ಹಾಕುತ್ತಿದ್ದಾನೆ. ಉತ್ತರ ಬರೆಯಬೇಡ, ಅಣ್ಣಾ. ಅದೇ ಲಾರಿ ಶನಿವಾರ ವಾಪಸ್ಸು ಬರುತ್ತದೆ, ಹತ್ತಿಕೋ.