ಫಾರಂನ ಆರನೇ ಪ್ರಶ್ನೆ

ಸೋಮವಾರ, 4. ಬೆಳಿಗ್ಗೆ 6.40

ಜ್ವರ 101. ಪುಟ್ಟಿಗೆ ಉಚ್ಚೆ ಮಾಡುವಾಗ ಉರಿಯಂತೆ. ಲ್ಯಾಬ್‌ನಲ್ಲಿ ಎಂಟಕ್ಕೆಲ್ಲ ಕೌಂಟರ್ ತೆರೆಯಬೇಕು. ಈ ತಿಂಗಳ ರಜೆಯೆಲ್ಲ ಮುಗಿದಿದೆ. ಇವರು "ಡಾಕ್ಟರಿಗೆ ತೋರಿಸು" ಎಂದು ಹೇಳಿ ಶೂ ಹಾಕಿಕೊಂಡು ಹೊರಟೇಬಿಟ್ಟರು. ತೋರಿಸು! ಹೇಳುವವರಿಗೇನು.

ಬೆಳಿಗ್ಗೆ 7.30

ಹೋದ ವರ್ಷ ಪುಟ್ಟಿಯ ಗಂಟಲು ನೋವಿಗೆ ಬರೆದುಕೊಟ್ಟಿದ್ದ ಆಂಟಿಬಯಾಟಿಕ್ ಸಿರಪ್ಪಿನ ಫೋಟೋ ಮೊಬೈಲಿನಲ್ಲಿತ್ತು. ಮೂಲೆಯ ಮೆಡಿಕಲ್ ಶಾಪಿನಲ್ಲಿ ತೋರಿಸಿದೆ. ಅಂಗಡಿಯವನು ಡಾಕ್ಟರ ಚೀಟಿ ಕೇಳಿದ. ಆಮೇಲೆ ತಾನೇ ನಕ್ಕು, "ಲ್ಯಾಬ್ ಮೇಡಂ ಅಲ್ವಾ, ನಿಮಗೆ ಗೊತ್ತಿರತ್ತೆ ಬಿಡಿ" ಎಂದ. ಏನು ಗೊತ್ತು ನನಗೆ? ಟ್ಯೂಬಿಗೆ ಲೇಬಲ್ ಅಂಟಿಸುವುದು. ಆದರೂ ಹಿಗ್ಗಿದೆ. ಒಂದು ಡೋಸ್ ಕುಡಿಸಿ ಬಂದೆ. ಮಗುವನ್ನು ನೋಡಿಕೊಳ್ಳುವ ಅತ್ತೆಗೆ, ಇದು ಜ್ವರದ ಔಷಧಿ ಅಂದೆ.

ಬುಧವಾರ, 6

ಜ್ವರ ಇಲ್ಲ. ಉರಿಯೂ ಇಲ್ಲವಂತೆ. ಔಷಧಿ ನಿಲ್ಲಿಸಿದೆ. ಸುಮ್ಮನೆ ಯಾಕೆ ಮಗುವಿನ ಹೊಟ್ಟೆಗೆ ತುಂಬುವುದು? ಉಳಿದದ್ದು ಫ್ರಿಜ್ಜಿನಲ್ಲಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಸೋಮವಾರ, 11. ಮಧ್ಯಾಹ್ನ

ನಿನ್ನೆ ಮತ್ತೆ 102. ಫ್ರಿಜ್ಜಿನದ್ದನ್ನೇ ಎರಡು ಸಲ ಕೊಟ್ಟೆ. ಇಳಿಯಲಿಲ್ಲ. ಇವರು ಅರ್ಧ ದಿನ ರಜೆ ಹಾಕಿ ಮಕ್ಕಳ ಡಾಕ್ಟರ ಹತ್ತಿರ ಕರೆದೊಯ್ದರು. ಯೂರಿನ್ ಕಲ್ಚರ್ ಮಾಡಿಸಿ ಅಂದರಂತೆ. ಅಲ್ಲಿಂದ ನೇರ ನಮ್ಮ ಲ್ಯಾಬಿಗೆ, ನನ್ನದೇ ಕೌಂಟರಿಗೆ.

ಫಾರಂನಲ್ಲಿ ಆರನೇ ಪ್ರಶ್ನೆ: ಕಳೆದ ಏಳು ದಿನಗಳಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡಿದ್ದಾರೆಯೇ? ದಿನಕ್ಕೆ ನಲವತ್ತು ಸಲ ಕೇಳುತ್ತೇನೆ. ಶುಕ್ರವಾರ ಒಬ್ಬ ಮುಚ್ಚಿಟ್ಟಿದ್ದಕ್ಕೆ ಎಲ್ಲರೆದುರು ಗದರಿದ್ದೆ. "ನಿಜ ಹೇಳ್ರೀ, ಇಲ್ದಿದ್ರೆ ರಿಪೋರ್ಟೇ ತಪ್ಪು ಬರತ್ತೆ."

ಇವರು ಎದುರಿಗೇ ನಿಂತಿದ್ದರು, ಪುಟ್ಟಿ ಹೆಗಲ ಮೇಲೆ. ಪೆನ್ನು ತಡವರಿಸಿತು. 'ಇಲ್ಲ' ಅಂತ ಬರೆದೆ. ದುಂಡಗೆ.

ಬುಧವಾರ, 13. ಸಂಜೆ 5

ರಿಪೋರ್ಟ್ ಬಂತು. ಉಚ್ಚೆಯಲ್ಲಿ ರೋಗಾಣು ಏನೂ ಬೆಳೆದಿಲ್ಲ. ಡಾಕ್ಟರ್ ಫೋನಿನಲ್ಲಿ, "ಯೂರಿನ್ ಕ್ಲೀನ್ ಇದೆ, ವೈರಲ್ ಇರ್ಬೇಕು. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು" ಅಂದರು. ಇವರಿಗೆ ಸಮಾಧಾನ. ನನಗೂ ಆಗಬೇಕಿತ್ತು... ಬೆಳೆಯದೆ ಇರುವುದಕ್ಕೆ ಕಾರಣ ಗೊತ್ತಿರುವವಳು ನಾನೊಬ್ಬಳೇ.

ಶನಿವಾರ, 16. ಬೆಳಿಗ್ಗೆ 11, ಆಸ್ಪತ್ರೆ

104. ಎರಡು ದಿನದಿಂದ ವಾಂತಿ. ಕರೆದರೆ ಅರ್ಧ ಕಣ್ಣು ತೆರೆಯುತ್ತಾಳೆ. ಬೆಳಿಗ್ಗೆ ಅಡ್ಮಿಟ್ ಮಾಡಿದೆವು.

"ಯೂರಿನ್ ಕ್ಲೀನ್ ಬಂದಿದೆಯಲ್ಲ, ಹಾಗಾದ್ರೆ ಜ್ವರ ಎಲ್ಲಿಂದ ಅಂತ ಹುಡುಕ್ಬೇಕು" ಅಂದರು ಡಾಕ್ಟರ್. "ಕತ್ತು ಸ್ವಲ್ಪ ಬಿಗಿ ಅನಿಸ್ತಿದೆ. ನಾಲ್ಕು ಗಂಟೆಗೆ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದು, ಮೆದುಳಿಗೆ ಸೋಂಕು ಆಗಿದೆಯಾ ಅಂತ ನೋಡೋಣ."

ಐದು ವರ್ಷದ ಬೆನ್ನು. ಇವರು ಸಹಿ ಹಾಕಿದರು. ಆಗಲಾದರೂ ಹೇಳಬಹುದಿತ್ತು. ಲ್ಯಾಬ್‌ನವಳು, ತಾಯಿ, ಸುಳ್ಳು ಬರೆದವಳು... ಛೀ, ನನಗೇ ನಾಚಿಕೆ.

ಮಧ್ಯಾಹ್ನ 2.50

ಡಾಕ್ಟರ್ ಮತ್ತೆ ಬಂದರು. ಮಂಚದ ಅಂಚಿನಲ್ಲಿ ಕೂತು ಪುಟ್ಟಿಯನ್ನೇ ಕೇಳಿದರು. "ಮನೇಲಿ ಅಮ್ಮ ಏನಾದ್ರೂ ಔಷಧಿ ಕೊಟ್ರಾ ಮರಿ? ಸಿಹಿ ಔಷಧಿ?"

ಪುಟ್ಟಿ ನನ್ನ ಮುಖ ನೋಡಿದಳು. ನೋಡಿ, "ಇಲ್ಲ" ಅಂದಳು.

ನಾನು ಹೇಳಿಕೊಟ್ಟಿರಲಿಲ್ಲ. ದೇವರಾಣೆ, ಒಂದು ಮಾತೂ ಹೇಳಿಕೊಟ್ಟಿರಲಿಲ್ಲ. ಮುಖ ನೋಡಿಯೇ ಕಲಿತಳು.

ಮಧ್ಯಾಹ್ನ 3.20

ಹೇಳಿಬಿಟ್ಟೆ. ಕಾರಿಡಾರಿನಲ್ಲಿ ಡಾಕ್ಟರ ಹಿಂದೆ ಓಡಿ ಹೋಗಿ, ಅಳುತ್ತಲೇ.

"ಯಾವ ಸಿರಪ್? ಎಷ್ಟು ಎಂಎಲ್? ಯಾವಾಗ ನಿಲ್ಲಿಸಿದ್ರಿ?"

ಎಲ್ಲ ಹೇಳಿದೆ.

"ಫಾರಂನಲ್ಲಿ ಇಲ್ಲ ಅಂತ ಇದೆಯಲ್ಲಮ್ಮ. ಯಾರು ಬರೆದಿದ್ದು?"

"ನಾನೇ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೊದಲು ಹೊಟ್ಟೆಯ ಸ್ಕ್ಯಾನ್ ಅಂತ ನರ್ಸಿಗೆ ಕೂಗಿ ಹೇಳಿದರು.

ಸಂಜೆ 4.30

ಬಲಗಡೆ ಕಿಡ್ನಿ ಊದಿದೆ. ಸೋಂಕು ಅಲ್ಲಿಗೆ ಏರಿದೆ. ಬೆನ್ನಿನ ಸೂಜಿ ಸದ್ಯಕ್ಕೆ ಬೇಡವಂತೆ. ಡ್ರಿಪ್ಪಿನಲ್ಲಿ ಬೇರೆ ಔಷಧಿ ಶುರುವಾಗಿದೆ. "ಜ್ವರ ಇಳಿಯತ್ತೆ. ಕಿಡ್ನಿ ಮೇಲೆ ಕಲೆ ಉಳಿಯತ್ತಾ ಅಂತ ಈಗ್ಲೇ ಹೇಳಕ್ಕಾಗಲ್ಲ" ಅಂದರು ಡಾಕ್ಟರ್. "ಮನೆಯವರಿಗೆ ನೀವೇ ಹೇಳಿ."

ಕೆಳಗೆ ಫಾರ್ಮಸಿಗೆ ಹೋಗಿದ್ದ ಇವರು ಈಗ ಬಂದರು. ಬೆನ್ನಿಗೆ ಹಾಕಲು ತರಿಸಿದ್ದ ಸೂಜಿಯ ಪೊಟ್ಟಣ ಎದೆಗೆ ಒತ್ತಿ ಹಿಡಿದಿದ್ದಾರೆ, ಎಲ್ಲಿ ಮುರಿಯುತ್ತದೋ ಅನ್ನುವ ಹಾಗೆ. "ಇದು ಬೇಡ್ವಂತಲ್ಲ, ನರ್ಸ್ ಅಂದ್ರು. ಒಳ್ಳೇದೇ ಆಯ್ತಲ್ವಾ?" ಅಂತ ಕೇಳುತ್ತಿದ್ದಾರೆ. ಎಷ್ಟು ಆಸೆಯ ಮುಖ.

"ಕೂತ್ಕೊಳ್ಳಿ ರೀ" ಅಂದೆ. ಕೂತರು.

ಇನ್ನು ಬರೆಯುವುದಲ್ಲ. ಬಾಯಿಬಿಟ್ಟು—