ಬುಧವಾರದ ಹೆಣದ ನಗು

ದಾದರ್, ಮುಂಬೈ
೧೨ ಫೆಬ್ರವರಿ ೨೦೨೪, ಸೋಮವಾರ

ಮುದ್ದಿನ ವೈಜೂ,

ನಿನ್ನ ಮಂಡಿನೋವು ಹೇಗಿದೆ? ಅಳಿಯಂದಿರ ಕೆಮ್ಮು ಇಳಿಯಿತೇ? ನಾಗಪುರದಿಂದ ನೀನು ಕಳಿಸಿದ ಸಂತ್ರಾ ಬರ್ಫಿಯನ್ನು ಡಾಕ್ಟರಿಗೆ ತಿಳಿಯದಂತೆ ಮುಗಿಸಿದ್ದೇನೆ. ಐ ಯಾಮ್ ಹೇಲ್ ಅಂಡ್... ಜೊತೆಗೆ ಇನ್ನೊಂದು ಪದವಿತ್ತು, ಅದನ್ನು ಬಿ.ಎ. ಮೊದಲ ವರ್ಷದಲ್ಲೇ ಬಿಟ್ಟು ಬಂದೆ.

ಈಗ ಸುದ್ದಿ. ಬುಧವಾರ ಬುಧವಾರ ಟೀವಿಯಲ್ಲಿ ಬರುತ್ತಿದ್ದ ನಮ್ಮ ಹಳೆಯ ಧಾರಾವಾಹಿ 'ಬುಧವಾರದ ಪಂಚನಾಮೆ' ಈಗ ಸಿನಿಮಾ ಆಗುತ್ತಿರುವುದನ್ನು ಫೋನಿನಲ್ಲಿ ಹೇಳಿದ್ದೆನಲ್ಲ, ನಿನ್ನೆ ನನ್ನ ಪಾಲಿನ ಶೂಟಿಂಗ್ ಮುಗಿಯಿತು. ನಿರ್ದೇಶಕಿ ಅನಘಾ ನಿನಗಿಂತ ಚಿಕ್ಕವಳು. ಮನೆ ಹುಡುಕಿಕೊಂಡು ಬಂದವಳೇ, "ಕಾಕಾ, ವಾರಕ್ಕೊಂದು ಮೀಸೆ ಅಂಟಿಸ್ಕೊಂಡು ಮೂವತ್ತೊಂದು ಕಂತಿನಲ್ಲಿ ಸತ್ತಿದ್ದೀರಿ. ನಿಮ್ಮ ಹಾಗೆ ಸಾಯೋರು ಈಗ ಸಿಗಲ್ಲ. ಎಲ್ಲಾ ಉಸಿರಾಡಿಬಿಡ್ತಾರೆ" ಎಂದಿದ್ದಳು. "ಈ ವಯಸ್ಸಲ್ಲಿ ನಾನು ನಿಜವಾಗಿ ಹೋದ್ರೂ ನೀನು ಚಪ್ಪಾಳೆ ತಟ್ತೀಯೇನೋ" ಎಂದು ನಾನೂ ಬಿಡಲಿಲ್ಲ. ಆದರೂ ಒಪ್ಪಿದೆ. ಇರಾನಿ ಹೋಟೆಲಿನ ಮೇಜಿನ ಮೇಲೆ, ಬನ್ ಮಸ್ಕಾ ಪಕ್ಕದಲ್ಲಿ, ಒಂದೇ ಟೇಕಿನಲ್ಲಿ ಸತ್ತೆ. ಕಟ್ ಎಂದದ್ದೇ ತಡ, ಲೈಟಿನವರೆಲ್ಲ "ಕಾಕಾ, ನಗಿ! ನಗಿ!" ಎಂದು ಕೂಗಿದರು. ಆ ಪದ್ಧತಿ ಇನ್ನೂ ಇದೆ, ವೈಜೂ! ಹೆಣವಾದವನು ಎದ್ದು ಕ್ಯಾಮೆರಾ ನೋಡಿ ನಗಬೇಕು, ಅಪಶಕುನ ಕಳೆಯಬೇಕು. ನಕ್ಕೆ. ನಕ್ಕದ್ದು ನಿಲ್ಲಲೇ ಇಲ್ಲ.

ಆಗೆಲ್ಲ ನನ್ನನ್ನು ನಗಿಸುತ್ತಿದ್ದವಳು ನಿನ್ನ ಆಯಿ, ನನ್ನ ಕುಂದಾ. ಪ್ರತಿ ವಾರ ಹೆಣದ ಮೇಲೆ ಬಿದ್ದು ಅಳುವ ಪಾತ್ರ ಅವಳದು. ಇಡೀ ಮಹಾರಾಷ್ಟ್ರ ಕಣ್ಣೊರೆಸಿಕೊಳ್ಳುವಾಗ, ಅವಳು ನನ್ನ ಕಿವಿಯಲ್ಲಿ "ರೀ, ಬರ್ತಾ ಕೊತ್ತಂಬರಿ ತನ್ನಿ" ಎನ್ನುತ್ತಿದ್ದಳು. ಕಟ್ ಆದಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಆ ನಗುಗಳೆಲ್ಲ ಹಳೆಯ ಟೇಪುಗಳ ಬಾಲದಲ್ಲಿ ಹಾಗೇ ಉಳಿದಿವೆಯಂತೆ. ಸಿನಿಮಾದ ಕೊನೆಯಲ್ಲಿ ಅವನ್ನು ಹಾಕಬೇಕೆಂದು ಅನಘಾಳ ಆಸೆ. ಕುಂದಾ ಈಗಿಲ್ಲವಲ್ಲ, ಅವಳ ಚಿತ್ರ ಬಳಸಲು ನಾವಿಬ್ಬರೂ ಒಪ್ಪಬೇಕು. ನೀನೋ, "ಬೇಡ ಬಾಬಾ, ಆಯಿನ ಹೆಣದ ಪಕ್ಕ ತೋರಿಸ್ಬೇಡಿ" ಎಂದು ಫೋನಿಟ್ಟೆ.

ನಿನ್ನ ಮಾತು ನನಗೆ ಅರ್ಥವಾಗುತ್ತದೆ. ನಾಲ್ಕು ವರ್ಷದವಳು, ನೆರೆಯ ಫಡಕೆಯವರ ಮನೆಯ ಟೀವಿಯಲ್ಲಿ ನಾನು ಸತ್ತದ್ದನ್ನು ನೋಡಿದೆ. ನಾನು ನಿನ್ನ ಹಿಂದೆಯೇ ಚಿವಡಾ ತಿನ್ನುತ್ತ ಕೂತಿದ್ದೆ. "ಬಾಬಾ ಇಲ್ಲೇ ಇದ್ದಾರಲ್ಲೇ" ಎಂದು ಎಷ್ಟು ಹೇಳಿದರೂ ನೀನು ಆಯಿಯ ಸೆರಗಿನಲ್ಲಿ ಮುಖ ಹುದುಗಿಸಿದವಳು ಹೊರಗೆ ತೆಗೆಯಲಿಲ್ಲ. ಅಂದಿನಿಂದ ಒಂದು ಕಂತನ್ನೂ ನೋಡಲಿಲ್ಲ. ಟೀವಿಗೆ ಬರುವಾಗ ನಗುವನ್ನು ಕತ್ತರಿಸುತ್ತಿದ್ದರಮ್ಮ. ಊರಿಗೆಲ್ಲ ಅರ್ಧವೇ ಕಂಡದ್ದು, ನಿನಗೂ ಅಷ್ಟೇ.

ಅದೇ ಕಂತಿನಲ್ಲಿ ಹೆಣದ ಕಾಲಿನ ಹೆಬ್ಬೆರಳು ಅಲ್ಲಾಡಿತೆಂದು ಸಾಂಗ್ಲಿಯ ಮೇಷ್ಟ್ರೊಬ್ಬರು ಪೋಸ್ಟ್‌ಕಾರ್ಡ್ ಬರೆದಿದ್ದರು, ನೆನಪಿದೆಯೇ? ಇರುವೆ ಕಚ್ಚಿತು ಎಂದು ಹೇಳಿ ಪಾರಾಗಿದ್ದೆ. ಮೂರು ವಾರ ಯಾರೂ ನನ್ನನ್ನು ಸಾಯಲು ಕರೆಯಲಿಲ್ಲ!

ಮಂಡಿಗೆ ಎಣ್ಣೆ ಹಚ್ಚು. ಅಳಿಯಂದಿರಿಗೆ ನನ್ನ ನಮಸ್ಕಾರ. ನಿನಗೆ ತಲೆ ಸವರಿದ ಆಶೀರ್ವಾದ.

ನಿನ್ನ, ಸದ್ಯಕ್ಕೆ ಬದುಕಿರುವ,
ಬಾಬಾ

ಮರೆತಿದ್ದೆ: ಒಪ್ಪಿಗೆಯ ಕಾಗದ ಜೊತೆಗಿಟ್ಟಿದ್ದೇನೆ, ನನ್ನ ಸಹಿ ಆಗಿದೆ. ನಿನ್ನ ಇಷ್ಟ, ಬಲವಂತವಿಲ್ಲ. ಆದರೆ ಆ ಕಂತಿನ ಟೇಪನ್ನು ಅನಘಾ ನಿನ್ನೆ ಹಾಕಿದಳು. ಅಳುವಿನ ನಡುವೆ ನಿನ್ನ ಆಯಿಯ ಪಿಸುಮಾತನ್ನು ಮೈಕು ಹಿಡಿದುಬಿಟ್ಟಿದೆ: "ರೀ, ಬುಧವಾರ ವೈಜೂ ನೋಡ್ತಾಳೆ, ಹೆದರ್ಕೋತಾಳೆ. ಒಂಚೂರು ಅಲ್ಲಾಡಿ." ಇರುವೆಗಿರುವೆ ಏನೂ ಇರಲಿಲ್ಲ ಮಗಳೇ. ಬಲಗಾಲು ನೋಡು. ನೀನು ಅಷ್ಟರಲ್ಲಿ ಕಣ್ಣು ಮುಚ್ಚಿಕೊಂಡಿದ್ದೆ.