ನೀವು ಅಳಿಸಿದ ಉಂಗುರ

ಸೋಮವಾರ ಬೆಳಿಗ್ಗೆ,
ವೀಕ್ಷಣಾಲಯದ ಕ್ಯಾಂಟೀನಿನಿಂದ

ಒಂದು ಕಾಲಕ್ಕೆ ನನ್ನವರಾಗಿದ್ದವರಿಗೆ,

ನಮಸ್ಕಾರ. ಕ್ಷೇಮ ಕೇಳುವ ಮನಸ್ಸಿಲ್ಲ, ಕೇಳಿದರೆ ಸುಳ್ಳಾಗುತ್ತದೆ.

ನಿಮ್ಮ ಬೇಡಿಕೆ ಮಗಳ ಬಾಯಲ್ಲಿ ಬಂತು. ‘ಲೇಖನದಲ್ಲಿ ಅಪ್ಪನ ಹೆಸರೂ ಸೇರಿಸ್ಬಿಡಮ್ಮ, ನಿನ್ನ ಗಂಟೇನು ಹೋಗುತ್ತೆ’ ಅಂದಳು. ಪಾಪ, ಅವಳಿಗೇನು ಗೊತ್ತು.

ಆ ಮೋಡ ಇಬ್ಬರದೂ ಆಗಿತ್ತು, ಒಪ್ಪುತ್ತೇನೆ. ವಿಶ್ವ ಎಳೆಯದಾಗಿದ್ದಾಗಿನ ಗ್ಯಾಲಕ್ಸಿಗಳ ಸುತ್ತ ಹಬ್ಬಿ ಹೊಳೆಯುವ ಆ ದೈತ್ಯ ಅನಿಲರಾಶಿಯನ್ನು ಮದುವೆಯಾದ ಹೊಸತರಲ್ಲಿ ಒಟ್ಟಿಗೇ ನೋಡಿದ್ದೆವು. ಅನಿಲ ಒಳಕ್ಕೆ ಬೀಳುತ್ತ, ಬಿಸಿಯಾಗಿ, ತಾನೇ ಹೊಳೆಯುತ್ತದೆ ಎಂದಿರಿ ನೀವು. ಒಳಗೆ ಅವಿತ ಗ್ಯಾಲಕ್ಸಿಗಳ ಬೆಳಕನ್ನು ಅದು ಬರೀ ಚದುರಿಸುತ್ತಿದೆ ಎಂದೆ ನಾನು. ನನ್ನ ಮಾತು ನಿಜವಾದರೆ ಆ ಬೆಳಕಿನ ಕಂಪನ ಒಂದು ದಿಕ್ಕಿಗೆ ವಾಲಿರಬೇಕು, ಆ ವಾಲಿಕೆ ಮೋಡದ ಅಂಚಿಗೆ ಉಂಗುರದಂತೆ ಕಾಣಬೇಕು. ಕಂಡಿತು ಕೂಡ, ಒಂದು ಬದಿ ಹೆಚ್ಚು ದಟ್ಟವಾಗಿ. ಚಿತ್ರ ಶುಚಿಮಾಡುವ ಕೆಲಸ ನಿಮ್ಮದಾಗಿತ್ತು. ಅದು ಕ್ಯಾಮೆರಾದ ದೋಷವೆಂದು ಅಳಿಸಿಬಿಟ್ಟಿರಿ.

ನೀವು ಹಿಡಿದ ಮೊಲಕ್ಕೆ ಮೂರೇ ಕಾಲು. ತುಂಬಿದ ಸಭೆಯಲ್ಲಿ ‘ನಮ್ಮನೆಯವಳಿಗೆ ಗಾಜಿನ ಮೇಲಿನ ಕೊಳೇನೂ ನಕ್ಷತ್ರಾನೇ’ ಎಂದು ಎಲ್ಲರನ್ನೂ ನಗಿಸಿದಿರಿ. ನಾನೂ ನಕ್ಕೆ.

ನೀವು ಮನೆ ಬಿಟ್ಟ ಮೇಲೆ ಕ್ಯಾಮೆರಾವನ್ನು ಕಾಲು ಸುತ್ತು ತಿರುಗಿಸಿ ಅದೇ ಮೋಡವನ್ನು ಮತ್ತೆ ನೋಡಿದೆ. ದೋಷ ಕ್ಯಾಮೆರಾದ್ದಾಗಿದ್ದರೆ ಉಂಗುರದ ದಟ್ಟ ಬದಿ ಅದರ ಜೊತೆಗೇ ತಿರುಗಬೇಕಿತ್ತು. ತಿರುಗಲಿಲ್ಲ, ಆಕಾಶದಲ್ಲಿ ಇದ್ದಲ್ಲೇ ಇತ್ತು. ಅದನ್ನೇ ಈ ಲೇಖನವಾಗಿ ಬರೆದೆ.

ಈಗ ನಿಮಗೆ ಪಾಲು ಬೇಕು. ಉಂಡೂ ಹೋದ, ಕೊಂಡೂ ಹೋದ ಎಂಬಂತಾಗುವುದು ಬೇಡ. ನಿಮ್ಮ ಹೆಸರು ಹಾಕಲಾರೆ. ನೀವು ತಪ್ಪಿದ್ದಕ್ಕಲ್ಲ, ತಪ್ಪು ಯಾರು ಮಾಡುವುದಿಲ್ಲ? ಒಮ್ಮೆ ತಿರುಗಿಸಿ ನೋಡೋಣ ಎಂದು ಗೋಗರೆದಾಗ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲವಲ್ಲ, ಅದಕ್ಕೆ. ನನಗೆ ಸಿಟ್ಟಿದೆ, ಬಹಳ ಸಿಟ್ಟಿದೆ.

ಮಗಳನ್ನು ಇನ್ನು ನಡುವೆ ತರಬೇಡಿ.

ಇಂತಿ,
ನಿಮ್ಮ ಮಗಳ ತಾಯಿ

ಮರೆತ ಮಾತು: ಕರಡು ಓದಿದ ಹಲವರು ಅದರಲ್ಲಿ ನನ್ನ ಹೆಸರಿನ ಜೊತೆಗಿದ್ದ ನಿಮ್ಮ ಮನೆತನದ ಹೆಸರು ನೋಡಿ, ಲೇಖನ ನಿಮ್ಮದೆಂದುಕೊಂಡು ನಿಮಗೆ ಅಭಿನಂದನೆ ಹೇಳಿದರಂತೆ. ನೀವು ‘ಥ್ಯಾಂಕ್ಸ್’ ಅಂದಿರಂತೆ. ನಿನ್ನೆ ನನ್ನ ಹೆಸರಿನ ಪಕ್ಕದಿಂದ ಅದನ್ನು ತೆಗೆಸಿ ತವರಿನ ಹೆಸರು ಹಾಕಿಸಿದೆ. ಇಷ್ಟು ವರ್ಷದ ನನ್ನ ಲೇಖನಗಳೆಲ್ಲ ನಿಮ್ಮ ಮನೆತನದ ಹೆಸರಲ್ಲೇ ಇವೆ; ಇನ್ನು ಜನ ಅವನ್ನೂ ನಿಮ್ಮವೆಂದೇ ತಿಳಿಯುತ್ತಾರೆ. ತಿಳಿಯಲಿ. ಅವನ್ನು ನೀವೇ ಇಟ್ಟುಕೊಳ್ಳಿ.